ಅಳೆಯಿರಿ, ಬರೆದಿಡಿ, ಬಿಡದೆ ಕೇಳಿ: ಹಳೆಯ ಓಮ್ನಿ ಇಟ್ಟುಕೊಂಡವರಿಗೆ ಹನ್ನೆರಡು ಸೂತ್ರಗಳು

ಮಾರುತಿ ವ್ಯಾನ್ 1984ರಲ್ಲಿ ನಮ್ಮ ರಸ್ತೆಗಿಳಿಯಿತು. 1988ರಲ್ಲಿ ಅದಕ್ಕೆ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ ತಯಾರಿಕೆ ನಿಂತಿತು. ಆದರೂ ಇವತ್ತು ಯಾವ ಊರಿನ ಸಂತೆಗೆ ಹೋದರೂ ತರಕಾರಿ ಮೂಟೆ ಇಳಿಸುತ್ತಾ ನಿಂತ ಓಮ್ನಿ ಕಣ್ಣಿಗೆ ಬೀಳುತ್ತದೆ. ಅದು ಶಾಲೆ ಮಕ್ಕಳನ್ನು ಹೊತ್ತಿದೆ, ಆಂಬುಲೆನ್ಸ್ ಆಗಿದೆ, ಶಾಮಿಯಾನದ ಸಾಮಾನು ಸಾಗಿಸಿದೆ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಸೀಟು ಎತ್ತಿದರೆ ಕೈಗೆ ಸಿಗುತ್ತದೆ. ಬಿಡುವಿನ ದಿನ ಗಾಡಿ ಬಿಚ್ಚಿ ಕಲಿಯಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಈಗ ಸ್ಪ್ಯಾನರ್ ಹಿಡಿಯಲು ಬಂದರಷ್ಟೇ ಸಾಲದು. ಆನ್‌ಲೈನಿನಲ್ಲಿ ತರಿಸಿದ ಪಾರ್ಟು ಬೇರೆ ಗಾಡಿಯದ್ದಾಗಿರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಆರ್‌ಸಿ ಕೆಲಸಕ್ಕೆ ಕೂತರೆ ಒಟಿಪಿ ಹಿಂದಿನ ಮಾಲೀಕರ ಫೋನಿಗೆ ಹೋಗುತ್ತದೆ. ಗಾಡಿಯ ದೋಷ ಅರ್ಧ ದಿನದಲ್ಲಿ ಸರಿಹೋಗಬಹುದು, ಈ ಗೋಜಲು ಬಿಡಿಸಲು ವಾರಗಳು ಬೇಕು. ಎರಡಕ್ಕೂ ಬೇಕಾದ ಶಿಸ್ತು ಒಂದೇ. ಊಹೆಯ ಮೇಲೆ ಹೋಗಬಾರದು, ಕೈಯಲ್ಲಿ ಪುರಾವೆ ಇರಬೇಕು.

1. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಗಾಡಿ ಸ್ಟಾರ್ಟ್ ಆಗದಿದ್ದರೆ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: "ಬ್ಯಾಟರಿ ಹೋಗಿದೆ." ಹಾಗೆ ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿ ಸೇರಿವೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಅದರಲ್ಲಿ ಚಾರ್ಜ್ ಇದೆ. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಬಂದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನ ಪಡಿ.

ಇಷ್ಟೂ ಸರಿ ಇದ್ದು ಸೆಲ್ಫ್ ಮೋಟಾರ್ ನರಳುತ್ತಿದ್ದರೆ ಅರ್ತಿಂಗ್ ನೋಡಬೇಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿ. ಅಲ್ಲಿ ಅರ್ಧ ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಕಂಡರೆ ದೋಷ ಅರ್ತ್ ಪಟ್ಟಿಯದು. ಲೆಕ್ಕ ಸರಳ: ಸೆಲ್ಫ್ ಮೋಟಾರ್ ನೂರು ಆಂಪಿಯರ್ ಎಳೆಯುತ್ತಿದ್ದರೆ, ತುಕ್ಕು ಹಿಡಿದ ಲಗ್ಗಿನ 0.005 ಓಮ್ ಪ್ರತಿರೋಧವೇ ಅರ್ಧ ವೋಲ್ಟ್ ತಿಂದುಹಾಕುತ್ತದೆ. ಇಷ್ಟು ಸಣ್ಣ ಪ್ರತಿರೋಧವನ್ನು ಮೀಟರಿನ ಓಮ್ ಭಾಗದಲ್ಲಿಟ್ಟು ಹುಡುಕಲು ಆಗುವುದಿಲ್ಲ, ಕರೆಂಟು ಹರಿಯುವಾಗಲೇ ಅದು ಸಿಕ್ಕಿಬೀಳುವುದು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಹೊಸ ಬ್ಯಾಟರಿಯ ಸಾವಿರಾರು ರೂಪಾಯಿ ಉಳಿಯಿತು.

2. ಒಂದು ಸಲಕ್ಕೆ ಒಂದೇ ಬದಲಾವಣೆ

ಇಂಜಿನ್ ಮಿಸ್ಸಿಂಗ್ ಎಂದು ಪ್ಲಗ್, ಪಾಯಿಂಟ್, ಕಂಡೆನ್ಸರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋಗಬಹುದು, ಆದರೆ ನೀವು ಏನೂ ಕಲಿತಿರುವುದಿಲ್ಲ. ಕೆಟ್ಟರೆ ಇನ್ನೂ ಕಷ್ಟ: ಹಳೆಯ ದೋಷದ ಜೊತೆ ಹೊಸ ಪಾರ್ಟಿನ ದೋಷವೂ ಸೇರಿಕೊಂಡಿರುತ್ತದೆ.

ಮೂರು ಪ್ಲಗ್ಗುಗಳನ್ನೂ ಬಿಚ್ಚಿ, ಯಾವ ಸಿಲಿಂಡರಿನದು ಎಂದು ಗುರುತು ಹಾಕಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ತುದಿ ತಿಳಿಕಂದು ಬಣ್ಣದ್ದಾದರೆ ಒಳಗೆ ಉರಿಯುವುದು ಚೆನ್ನಾಗಿದೆ. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆಯ ಜಿಡ್ಡಾದರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ಮೂರೂ ಒಂದೇ ಬಣ್ಣವಾಗಿದ್ದರೆ ದೋಷ ಮೂರಕ್ಕೂ ಸೇರಿದ ಕಡೆ ಇದೆ: ಕಾರ್ಬರೇಟರ್, ಕಾಯಿಲ್, ಫಿಲ್ಟರ್. ಒಂದೇ ಬೇರೆಯಾಗಿದ್ದರೆ ಆ ಸಿಲಿಂಡರಿನ ವೈರು, ಪ್ಲಗ್, ಕಂಪ್ರೆಷನ್ ಇಷ್ಟಕ್ಕೇ ಹುಡುಕಾಟ ಇಳಿಯುತ್ತದೆ. ವೈರುಗಳನ್ನು ಮರಳಿ ಹಾಕುವಾಗ ಫೈರಿಂಗ್ ಆರ್ಡರ್ 1-3-2 ಎಂಬುದು ನೆನಪಿರಲಿ.

3. ಬಿಚ್ಚುವ ಮುಂಚೆ ಫೋಟೋ, ಮುಗಿದ ಮೇಲೆ ಟಿಪ್ಪಣಿ

ವ್ಯಾಕ್ಯೂಮ್ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬುದು ಬಿಚ್ಚಿದ ಐದು ನಿಮಿಷಕ್ಕೆ ಮರೆತುಹೋಗುತ್ತದೆ. ಎರಡು ದಿಕ್ಕಿನಿಂದ ಫೋಟೋ ತೆಗೆಯಿರಿ. ಕೆಲಸ ಮುಗಿದ ದಿನವೇ ತಾರೀಖು, ಕಿಲೋಮೀಟರ್, ಮಾಡಿದ ಕೆಲಸ, ಅಳೆದ ವೋಲ್ಟೇಜ್, ಕೊಟ್ಟ ಹಣ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಪ್‌ನಲ್ಲಿ ಬರೆದಿಟ್ಟರೆ ಫೋನ್ ಬದಲಾದಾಗ ಅಥವಾ ಕಂಪನಿ ಆ ಆಪ್ ನಿಲ್ಲಿಸಿದಾಗ ಎಲ್ಲವೂ ಹೋಗುತ್ತದೆ. ಕಾಗದ ಉಳಿಯುತ್ತದೆ.

4. ಪಾರ್ಟನ್ನು ಹೆಸರಿನಿಂದ ಕೇಳಬೇಡಿ, ನಂಬರಿನಿಂದ ಕೇಳಿ

"ಓಮ್ನಿ ಫ್ಯೂಯೆಲ್ ಪಂಪ್ ಕೊಡಿ" ಎಂದರೆ ಅಂಗಡಿಯವರು ಯಾವುದನ್ನು ಕೊಡಬೇಕು? ಕಾರ್ಬರೇಟರ್ ಓಮ್ನಿಯ ಪಂಪೇ ಬೇರೆ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಓಮ್ನಿಯದೇ ಬೇರೆ. ಪಾರ್ಟ್ ನಂಬರ್ ಅಥವಾ ಚಾಸಿಸ್ ನಂಬರ್ ಬರೆದುಕೊಂಡು ಹೋಗಿ, ಹಳೆಯ ಪಾರ್ಟು ಕೈಯಲ್ಲಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳ ಕೌಂಟರಿನಲ್ಲಿ ಹಳೆಯ ಪಾರ್ಟು ಇಟ್ಟರೆ ಸಾಕು, ಪಳಗಿದ ಕೈ ಅದನ್ನು ತಿರುಗಿಸಿ ನೋಡಿ ಒಳಗಿನಿಂದ ಸರಿಯಾದದ್ದನ್ನೇ ತಂದಿಡುತ್ತದೆ. ಈ ತಿಳಿವಳಿಕೆ ಯಾವ ಶಾಪಿಂಗ್ ಆಪ್‌ನ ಹುಡುಕು ಪೆಟ್ಟಿಗೆಯಲ್ಲೂ ಇಲ್ಲ. ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಅಂಥ ಅಂಗಡಿಗೇ ವ್ಯಾಪಾರ ಕೊಡುವುದು ಸರಿ ಎಂದು ನಾನು ನಂಬುತ್ತೇನೆ. ಅವು ಮುಚ್ಚಿದರೆ ಹಳೆಯ ಗಾಡಿಗಳೂ ನಿಲ್ಲುತ್ತವೆ.

ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂಆರ್‌ಪಿ, ದೂರಿಗೆ ಸಂಪರ್ಕ ವಿವರ ಇರಲೇಬೇಕು. ಇವು ಇಲ್ಲದ ಪೊಟ್ಟಣದಲ್ಲಿ ಬ್ರೇಕ್ ಭಾಗಗಳನ್ನು ಮಾತ್ರ ಎಂದೂ ಕೊಳ್ಳಬೇಡಿ.

5. ಬಿಲ್ಲು ಇಲ್ಲದ ವ್ಯಾಪಾರ ಬೇಡ

"ಬಿಲ್ಲು ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ" ಎನ್ನುವ ಮಾತಿಗೆ ಒಪ್ಪಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. "ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂಬ ಬೋರ್ಡು ದೋಷವಿರುವ ಮಾಲಿಗೆ ಅನ್ವಯಿಸುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ದೋಷದ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದೂ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ.

6. ಪೆಟ್ರೋಲ್ ಪೈಪಿನ ವಿಷಯದಲ್ಲಿ ಉದಾಸೀನ ಬೇಡ

2023ರಿಂದ ಹಂತಹಂತವಾಗಿ ಬಂದ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಓಮ್ನಿಯ ವಿನ್ಯಾಸವಾದ ಕಾಲದಲ್ಲಿ ಈ ಮಿಶ್ರಣದ ಮಾತೇ ಇರಲಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತರುತ್ತದೆ. ಅದೇ ಗಾತ್ರದ ಪೆಟ್ರೋಲಿಗಿಂತ ಅದರಲ್ಲಿ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಅದಕ್ಕಾಗಿ ಕಾರ್ಬರೇಟರ್ ಬಿಚ್ಚಲು ಹೊರಡಬೇಡಿ.

ಆದರೆ ಟ್ಯಾಂಕಿನಿಂದ ಇಂಜಿನ್ನಿನವರೆಗಿನ ಒಂದೊಂದು ರಬ್ಬರ್ ಪೈಪನ್ನೂ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಮೆತ್ತಗಾಗಿದ್ದರೆ, ಕ್ಲಿಪ್ಪಿನ ಬಳಿ ಒದ್ದೆಯಿದ್ದರೆ ಅದೇ ದಿನ ಎಥನಾಲ್ ತಡೆಯುವ ಫ್ಯೂಯೆಲ್ ಹೋಸ್ ಹಾಕಿ. ಈ ಗಾಡಿಯಲ್ಲಿ ಜನ ಕೂರುವುದು ಇಂಜಿನ್ನಿನ ಮೇಲೆ ಎಂಬುದನ್ನು ಮರೆಯುವ ಹಾಗಿಲ್ಲ. ಪೆಟ್ರೋಲ್ ವಾಸನೆ ಬಂದರೆ ಗಾಡಿ ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಆಮೇಲೆ ಹುಡುಕಿ. ಸೀಟಿನ ಪಕ್ಕ ಒಂದು ಕಿಲೋದ ಎಬಿಸಿ ಪೌಡರ್ ಅಗ್ನಿಶಾಮಕ ಇರಲಿ.

7. ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಹೋಗಬೇಡಿ

ಜಾಕಿ ಇರುವುದು ಎತ್ತಲು ಮಾತ್ರ. ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು, ಚಕ್ರಕ್ಕೆ ಕಲ್ಲು ಕೊಡಬೇಕು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದೆ ಎತ್ತಿದರೆ ಅದು ಇದ್ದೂ ಇಲ್ಲದಂತೆ. ಬ್ರೇಕ್ ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕ್ ಮುಟ್ಟಿದ ಮೇಲೆ ಮನೆಮುಂದೆಯೇ ನಿಧಾನವಾಗಿ ಓಡಿಸಿ ಪರೀಕ್ಷಿಸದೆ ರಸ್ತೆಗೆ ಇಳಿಯಬೇಡಿ. ಸ್ಟೀರಿಂಗ್ ಬಿಚ್ಚುವುದು, ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಹವ್ಯಾಸಿಯ ಕೆಲಸವಲ್ಲ. ಅದಕ್ಕೆ ಪಳಗಿದ ಮೆಕ್ಯಾನಿಕ್ ಇದ್ದಾರೆ. ಅವರ ಪಕ್ಕದಲ್ಲಿ ನಿಂತು ನೋಡಿ, ಕೇಳಿದ ಕೂಲಿ ಚೌಕಾಸಿ ಮಾಡದೆ ಕೊಡಿ.

8. ಸ್ಕ್ಯಾನರ್ ಹೇಳಿದ್ದು ಸುಳಿವು, ತೀರ್ಪಲ್ಲ

ಎಂಪಿಎಫ್‌ಐ ಗಾಡಿಯವರಿಗೆ ಈಗ ಕೆಲವು ನೂರು ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ಕೊಳ್ಳುವ ಮುನ್ನ ಗಾಡಿಯಲ್ಲಿ 16 ಪಿನ್ನಿನ ಸಾಕೆಟ್ ಇದೆಯೇ ನೋಡಿ. ನಮ್ಮಲ್ಲಿ ಆನ್‌ಬೋರ್ಡ್ ಡಯಾಗ್ನಾಸ್ಟಿಕ್ಸ್ ಕಡ್ಡಾಯವಾಗುತ್ತಾ ಬಂದದ್ದು 2010ರ ಏಪ್ರಿಲ್‌ನಿಂದ, ಅದಕ್ಕಿಂತ ಹಳೆಯ ಗಾಡಿಗೆ ಇದು ಹೊಂದದೆ ಇರಬಹುದು. ಪಿ0171 ಎಂಬ ಕೋಡ್ ಬಂತು ಎನ್ನಿ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂಬುದಷ್ಟೇ ಅದರ ಅರ್ಥ. ಕಾರಣ ಒಂದು ಸೀಳಿದ ವ್ಯಾಕ್ಯೂಮ್ ಪೈಪಿರಬಹುದು, ಕಟ್ಟಿದ ಪೆಟ್ರೋಲ್ ಫಿಲ್ಟರ್ ಇರಬಹುದು, ದಣಿದ ಪಂಪಿರಬಹುದು. ಕೋಡ್ ನೋಡಿದ ತಕ್ಷಣ ಸಾವಿರಾರು ರೂಪಾಯಿಯ ಆಕ್ಸಿಜನ್ ಸೆನ್ಸರ್ ತರಿಸುವುದು ಜ್ವರದ ಮೂಲ ನೋಡದೆ ಮಾತ್ರೆ ನುಂಗಿಸಿದಂತೆ.

ತಿಂಗಳ ಚಂದಾ ಕೇಳುವ ಆಪ್‌ಗಳಿಗೆ ಸೇರುವ ಮುನ್ನ, ಆಟೋಪೇ ನಿಲ್ಲಿಸುವ ಜಾಗ ನಿಮ್ಮ ಯುಪಿಐ ಆಪ್‌ನಲ್ಲಿ ಎಲ್ಲಿದೆ ಎಂದು ಕಂಡುಕೊಳ್ಳಿ. ಸೇರುವುದು ಸುಲಭ, ಬಿಡಿಸಿಕೊಳ್ಳುವ ದಾರಿಯನ್ನು ನೀವೇ ಮೊದಲು ಗುರುತಿಟ್ಟುಕೊಳ್ಳಬೇಕು.

9. ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ

ಹುಡುಕಿದಾಗ ಮೊದಲು ಕಾಣುವ ನಂಬರ್ ವಂಚಕರದ್ದಿರಬಹುದು. ನಂಬರನ್ನು ಪೊಟ್ಟಣದ ಮೇಲಿಂದ, ಬಿಲ್ಲಿನಿಂದ ಅಥವಾ ಕಂಪನಿಯ ಸ್ವಂತ ಆಪ್‌ನಿಂದಲೇ ತೆಗೆದುಕೊಳ್ಳಿ. ರೀಫಂಡ್ ಕೊಡುತ್ತೇವೆ, ಪಿನ್ ಹಾಕಿ ಎಂದರೆ ಫೋನ್ ಇಡಿ. ಹಣ ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದಿಲ್ಲ. ಪರದೆ ಹಂಚಿಕೊಳ್ಳುವ ಆಪ್ ಹಾಕಿಕೊಳ್ಳಿ ಎಂದರೂ ಅಷ್ಟೇ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಅಂಗಡಿಗೆ ಯುಪಿಐ ಮಾಡಿದಾಗ ಖಾತೆಯಿಂದ ಹಣ ಹೋಗಿ ಅಂಗಡಿಯವರಿಗೆ ಖಾತ್ರಿ ಬಾರದಿದ್ದರೆ ಗಾಬರಿ ಬೇಡ, ಅವರೊಡನೆ ಜಗಳವೂ ಬೇಡ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವಹಿವಾಟಿನ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲುತ್ತದೆ.

10. ಫೋನಿನಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಿ

ಕಂಪನಿಗಳ ಜೊತೆ ಸೋಲುವವರು ಹೆಚ್ಚಾಗಿ ಎಡವುವುದು ಇಲ್ಲೇ. ಹತ್ತು ಸಲ ಫೋನ್ ಮಾಡಿ, ಹತ್ತು ಜನರಿಗೆ ಮೊದಲಿನಿಂದ ಕಥೆ ಹೇಳಿ, ಕೊನೆಗೆ ಸಿಟ್ಟಿನಲ್ಲಿ ಕೂಗಾಡಿ ಸುಮ್ಮನಾಗುತ್ತಾರೆ. ಕೂಗಿದ್ದು ಎಲ್ಲೂ ದಾಖಲಾಗುವುದಿಲ್ಲ. ಆ ಕಡೆ ಫೋನ್ ಎತ್ತಿದ ಹುಡುಗನೋ ಹುಡುಗಿಯೋ ನಿಯಮ ಮಾಡಿದವರೂ ಅಲ್ಲ. ಅವರೊಡನೆ ಸೌಜನ್ಯದಿಂದ ಮಾತಾಡಿ, ದೂರಿನ ನಂಬರ್ ಬರೆದುಕೊಳ್ಳಿ, ಅದೇ ದಿನ ಇ-ಮೇಲ್ ಕಳಿಸಿ. ಹೀಗೆ ಬರೆದರೆ ಸಾಕು:

"ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ ಕಾರ್ಬರೇಟರ್ ಕಿಟ್ ಕೊಂಡಿದ್ದೇನೆ. ನಾನು ಆರ್ಡರ್ ಮಾಡಿದ ಪಾರ್ಟ್ ನಂಬರ್ ಇದು, ಪೆಟ್ಟಿಗೆಯಲ್ಲಿ ಬಂದದ್ದು ಇದು. ಎರಡರ ಫೋಟೋ ಲಗತ್ತಿಸಿದ್ದೇನೆ. ಪೂರ್ತಿ ಹಣ ವಾಪಸ್ ಕೊಡಬೇಕೆಂದು ಕೋರುತ್ತೇನೆ. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ."

ಬೇಡಿಕೆ ಒಂದೇ ಇರಲಿ. ಹಣ ಬೇಕೋ ಬದಲಿ ಬೇಕೋ ನೀವೇ ತೀರ್ಮಾನಿಸಿ ಬರೆಯಿರಿ. ಹಳೆಯ ಸಂಕಟಗಳನ್ನೆಲ್ಲ ಸೇರಿಸಿದರೆ ಮುಖ್ಯ ಮಾತು ಮುಳುಗಿಹೋಗುತ್ತದೆ. ಆನ್‌ಲೈನ್ ಮಾರಾಟಗಾರರಾದರೆ, 2020ರ ಇ-ಕಾಮರ್ಸ್ ನಿಯಮಗಳಂತೆ ಅವರಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಚಾಟ್‌ಬಾಟ್ ಸುತ್ತಾಡಿಸುತ್ತಿದ್ದರೆ ಅದನ್ನು ಬಿಟ್ಟು ಈ ಅಧಿಕಾರಿಗೇ ಬರೆಯಿರಿ. ಪಾರ್ಸೆಲ್ ಬಿಚ್ಚುವಾಗ ಮೊದಲ ಟೇಪ್ ಕತ್ತರಿಸುವುದರಿಂದಲೇ ವಿಡಿಯೊ ಮಾಡಿಟ್ಟುಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

11. ಮೇಲಿನ ಮೆಟ್ಟಿಲು ಹತ್ತಲು ಅಳುಕಬೇಡಿ

ಕಂಪನಿ ಉತ್ತರಿಸದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದರ ಹೆಸರು ಕೇಳಿ ಕೋರ್ಟು ಕಚೇರಿ ಎಂದು ಹಿಂಜರಿಯುವವರೇ ಹೆಚ್ಚು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ನೀವು ಕೊಪ್ಪಳದವರಾದರೆ ಕೊಪ್ಪಳದಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ಕೊಟ್ಟ ದೊಡ್ಡ ಬಲ ಇದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು ಎಂಬುದು ಮಾತ್ರ ನೆನಪಿರಲಿ. ಓಮ್ನಿಯನ್ನು ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಓಡಿಸುವವರೂ ಈ ಕಾಯ್ದೆಯಲ್ಲಿ ಗ್ರಾಹಕರೇ.

ನಮ್ಮ ಗಾಡಿಯನ್ನು ನಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗೂ ಒಂದು ಇತಿಹಾಸವಿದೆ. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಅದನ್ನು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ಆದರೆ ಬೀದಿ ಬದಿಯ ಗ್ಯಾರೇಜಿಗೂ ಸರ್ವಿಸ್ ಮ್ಯಾನ್ಯುಯಲ್ ಸಿಗಬೇಕು ಎಂಬ ಮಾತು ಅಧಿಕೃತವಾಗಿ ದಾಖಲಾಯಿತು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಕಂಪನಿಗಳು ಅಲ್ಲಿ ಮಾಹಿತಿ ಇಡುವಂತೆ ಮಾಡಬೇಕಾದರೆ ನಮ್ಮಂಥವರು ಕೇಳುತ್ತಲೇ ಇರಬೇಕು.

12. ಕಾಗದಪತ್ರಕ್ಕೂ ತುಕ್ಕಿಗೂ ಮುಂಚಿತವಾಗಿ ಕೈಹಾಕಿ

ಹಳೆಯ ಗಾಡಿ ಕೊಂಡ ವಾರದಲ್ಲೇ ಸಾರಿಗೆ ಇಲಾಖೆಯ ದಾಖಲೆಯಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕಿಸಿ. ಅದಿಲ್ಲದಿದ್ದರೆ ಆನ್‌ಲೈನಿನ ಒಂದೊಂದು ಕೆಲಸಕ್ಕೂ ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಒಟಿಪಿ ಬೇಡಬೇಕಾಗುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇನಿಷಿಯಲ್. ಆರ್‌ಸಿಯಲ್ಲಿ ಎರಡಕ್ಷರ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ, ಇನ್‌ಶೂರೆನ್ಸ್‌ನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು. ಕಂಪ್ಯೂಟರಿಗೆ ಇವರು ಮೂರು ಜನ. ಎಲ್ಲವನ್ನೂ ಒಂದೇ ರೂಪಕ್ಕೆ ತಂದುಬಿಡಿ. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಫಾರಂ 25ರ ಅರ್ಜಿಯನ್ನು ಅವಧಿ ಮುಗಿಯುವ ಅರವತ್ತು ದಿನ ಮುಂಚಿನಿಂದ ಕೊಡಬಹುದು. ಮೊದಲ ದಿನವೇ ಕೊಡಿ, ಏಕೆಂದರೆ ತಪಾಸಣೆಯಲ್ಲಿ ತುಕ್ಕು ಕಂಡರೆ ಸರಿಪಡಿಸಲು ಸಮಯ ಬೇಕು.

ಓಮ್ನಿ ಸಾಯುವುದು ಇಂಜಿನ್ನಿನಿಂದಲ್ಲ, ತುಕ್ಕಿನಿಂದ. ಕರಾವಳಿಯಲ್ಲಿ ಉಪ್ಪುಗಾಳಿ, ಮಲೆನಾಡಿನಲ್ಲಿ ಬಿಡದ ಮಳೆ. ಜಾರುವ ಬಾಗಿಲಿನ ಕೆಳಗಿನ ಹಳಿ, ಮ್ಯಾಟಿನ ಅಡಿಯ ನೆಲ, ಪಕ್ಕದ ಪಟ್ಟಿಯ ನೀರು ಹೋಗುವ ತೂತುಗಳು ಇವೇ ಮೊದಲು ಹೋಗುವ ಜಾಗಗಳು. ಮೃಗಶಿರೆ ಮಳೆ ಹುಟ್ಟುವ ಮುನ್ನ, ಮೇ ತಿಂಗಳ ಬಿಸಿಲಿನಲ್ಲೇ ಮ್ಯಾಟು ಪೂರ್ತಿ ಎತ್ತಿ ಒಂದು ದಿನ ಬಾಗಿಲು ತೆರೆದಿಡಿ. ಕಡ್ಡಿ ಹಾಕಿ ತೂತುಗಳ ಮಣ್ಣು ತೆಗೆಯಿರಿ. ತುಕ್ಕನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಕೆರೆದು, ಪ್ರೈಮರ್ ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಎರಡು ಕೋಟು ಬಣ್ಣ ಕೊಡಿ. ತೂತು ಬಿದ್ದಿದ್ದರೆ ಪುಟ್ಟಿ ಮೆತ್ತಬೇಡಿ. ಟಿಂಕರಿಂಗ್‌ನವರಿಂದ ತಗಡು ಹಾಕಿಸಿ, ವೆಲ್ಡಿಂಗ್ ಶುರುವಾಗುವ ಮುಂಚೆ ಬ್ಯಾಟರಿಯ ಎರಡೂ ವೈರು ಕಳಚಿ, ಹತ್ತಿರ ಪೆಟ್ರೋಲ್ ಪೈಪ್ ಹಾದುಹೋಗಿದ್ದರೆ ಅದನ್ನು ಬಿಚ್ಚಿ ದೂರ ಇಡಿಸಿ.